ಅರ್ಧ ಗಂಟೆಯ ಗಡುವು

ಆ ಟೈಲರ್ ಬೇಕೆಂದು ಸುಳ್ಳು ಹೇಳಿದವನಲ್ಲ. ಪ್ಯಾಂಟು ಯಾವಾಗ ಸಿಗುತ್ತದೆ ಎಂದು ಯಾರು ಕೇಳಿದರೂ "ಅರ್ಧ ಗಂಟೆ" ಎನ್ನುತ್ತಿದ್ದ. ಹಾಗೆ ಹೇಳುವ ಹೊತ್ತಿನಲ್ಲಿ ಅದನ್ನು ಮನಸಾರೆ ನಂಬಿಯೂ ಇರುತ್ತಿದ್ದ. ಕೇಳಿದವರು ಮುಂದಿನ ವಾರ ಬಂದು, "ಏನಪ್ಪಾ, ಅರ್ಧ ಗಂಟೆ ಆಯ್ತಾ?" ಎಂದರೆ ಯಂತ್ರದ ಮೇಲಿಂದ ತಲೆ ಎತ್ತದೆ, "ಆಗ್ತಾ ಬಂತು" ಎನ್ನುತ್ತಿದ್ದ. ಹೀಗಾಗಿ ಆ ಬಡಾವಣೆಯಲ್ಲಿ ಅವನಿಗೆ ಅರ್ಧ ಗಂಟೆ ಎಂಬ ಹೆಸರೇ ನಿಂತುಬಿಟ್ಟಿತ್ತು.

ಬಡಾವಣೆ ಎಂದರೆ ಅಂತಿಂಥದ್ದಲ್ಲ. ದೊಡ್ಡ ರಸ್ತೆಯ ಉದ್ದಕ್ಕೂ ಗಾಜಿನ ಆಫೀಸು ಕಟ್ಟಡಗಳು. ಮೇಲೆ ಹೋಗುವ ಮೋಡಗಳು ಒಂದು ಕ್ಷಣ ನಿಂತು ಅವುಗಳಲ್ಲಿ ಮುಖ ನೋಡಿಕೊಂಡು ಮುಂದೆ ಹೋಗುತ್ತಿದ್ದವು. ಹಿಂದಿನ ನೆರಳಿನ ಬೀದಿಗಳಲ್ಲಿ ಆ ಆಫೀಸುಗಳ ದೊಡ್ಡವರು ವಾಸಿಸುವ ಎತ್ತರದ ಕಟ್ಟಡಗಳು. ಆ ಬೀದಿಗಳಲ್ಲಿ ಕಾಲ್ನಡಿಗೆಯಲ್ಲಿ ಕಾಣುವವರು ಎರಡೇ ಬಗೆ: ಕೆಲಸಕ್ಕೆ ಬಂದವರು, ಮತ್ತು ನಡೆಯಲೇಬೇಕೆಂದು ಡಾಕ್ಟರು ಹೇಳಿದವರು.

ಅಂಥದೊಂದು ಕಟ್ಟಡದ ಹಿಂಬದಿಯ ಮೆಟ್ಟಿಲ ಕೆಳಗೆ ಅರ್ಧ ಗಂಟೆಯ ಹೊಲಿಗೆ ಯಂತ್ರ. ಕಟ್ಟಡ ಏಳುವಾಗ ಕೂಲಿಯವರ ಅಂಗಿ ಹೊಲಿಯಲು ಬಂದು ಕೂತವನು, ಕಟ್ಟಡ ಮುಗಿದು ಕೂಲಿಯವರೆಲ್ಲ ಹೋದ ಮೇಲೂ ಏಳಲಿಲ್ಲ. ಏಳು ಎಂದು ಯಾರೂ ಹೇಳಲೂ ಇಲ್ಲ. ಈಗ ಅವನ ಕೆಲಸವೆಲ್ಲ ದೊಡ್ಡವರ ಸೊಂಟದ್ದು. ಬಡ್ತಿ ಸಿಕ್ಕವರು ಪ್ಯಾಂಟು ಸಡಿಲ ಮಾಡಿಸುತ್ತಿದ್ದರು, ಕೆಲಸ ಕಳೆದುಕೊಂಡವರು ಬಿಗಿ ಮಾಡಿಸುತ್ತಿದ್ದರು. ಪಕ್ಕದಲ್ಲಿ ಮಣೆ ಹಾಕಿಕೊಂಡು ಅವನ ಹೆಂಡತಿ ಹುಕ್ಕು, ಗುಂಡಿ ಹಚ್ಚುತ್ತಿದ್ದಳು.

ಅವನಿಗೆ ಆ ಕಟ್ಟಡದ ಎಲ್ಲರ ಸೊಂಟವೂ ಗೊತ್ತಿತ್ತು. ಅವನ ಮುಖ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಬಟ್ಟೆಗಳು ಮನೆಗೆಲಸದವರ ಕೈಯಲ್ಲೋ ಡ್ರೈವರ್‌ಗಳ ಕೈಯಲ್ಲೋ ಬರುತ್ತಿದ್ದವು. ಅಪರೂಪಕ್ಕೆ ತಾವೇ ಇಳಿದು ಬಂದವರಿಗೂ ಕಾಣುತ್ತಿದ್ದುದು ಯಂತ್ರದ ಮೇಲೆ ಬಗ್ಗಿದ ಅವನ ನೆತ್ತಿ. ನೆತ್ತಿ ಬೋಳು, ಬೋಳಿನ ನಟ್ಟನಡುವೆ ಒಂದು ಕಪ್ಪು ಮಚ್ಚೆ. ಜನ ಆ ಮಚ್ಚೆಗೆ ಮಾತಾಡಿ ಹೋಗುತ್ತಿದ್ದರು.

ಹೀಗಿರುವಾಗ ಹಿಂದಿನ ಗೇಟಿನ ವಾಚ್‌ಮನ್ ಒಂದು ಸುದ್ದಿ ತಂದ. ಮೆಟ್ಟಿಲ ಕೆಳಗಿನ ಜಾಗದಲ್ಲಿ ನಾಯಿಗಳಿಗೆ ಸ್ನಾನದ ಕೋಣೆ ಮಾಡಬೇಕೆಂದು ಕಟ್ಟಡದ ಸಂಘದವರು ಯೋಚಿಸಿದ್ದಾರಂತೆ. ಬಿಸಿನೀರು, ತಣ್ಣೀರು, ಮೈ ಒಣಗಿಸುವ ಯಂತ್ರ ಎಲ್ಲ ಇರುತ್ತದಂತೆ. ಸಂಜೆ ಸಭೆಯಂತೆ.

"ಹಾಗಾದ್ರೆ ನಾವು?" ಎಂದಳು ಹೆಂಡತಿ.

"ನಿಮ್ಮ ವಿಷಯಾನೇ ಸಭೆ" ಎಂದ ವಾಚ್‌ಮನ್. ದೊಡ್ಡವರು ಇವರ ಬಗ್ಗೆ ಸಭೆ ಸೇರುವುದು ಒಂದು ಗೌರವವೇ ಎಂಬಂತಿತ್ತು ಅವನ ಧಾಟಿ.

ಅರ್ಧ ಗಂಟೆ ತಲೆ ಎತ್ತದೆ ಹೊಲಿಯುತ್ತಲೇ ಇದ್ದ. ಅವನ ಕೈಯಲ್ಲಿ ಆಗ ಮೇಲಿನ ಮಹಡಿಯ ಸಾಹೇಬರ ಕೋಟಿತ್ತು. ಕಡುನೀಲಿ ಕೋಟು, ಹಿತ್ತಾಳೆ ಗುಂಡಿ, ಗುಂಡಿಯ ಮೇಲೆ ಸಿಂಹದ ಮುಖ. ಸಾಹೇಬರು ಎಲ್ಲಕ್ಕಿಂತ ಮೇಲಿನ ಆ ಮಹಡಿಯನ್ನು ಪೂರ್ತಿ ಕೊಂಡು ಹೊಸದಾಗಿ ಬಂದವರು. ಬಂದ ದಿನದಿಂದ ಊರೂರು ಸುತ್ತುತ್ತಲೇ ಇದ್ದುದರಿಂದ ಕಟ್ಟಡದಲ್ಲಿ ಅವರ ಮುಖ ಕಂಡವರಿಲ್ಲ. ಅವರ ಕಾರನ್ನು ಕಂಡಿದ್ದರು, ಕಾರಿನ ಕಿಟಕಿಯಲ್ಲಿ ತೂಗುತ್ತಿದ್ದ ಈ ಕೋಟನ್ನು ಕಂಡಿದ್ದರು. ಮರ್ಯಾದೆ ಕೊಡಲು ಅಷ್ಟು ಸಾಕಾಗಿತ್ತು. ತೋಳು ಗಿಡ್ಡ ಮಾಡಲೆಂದು ಡ್ರೈವರ್ ಕೋಟನ್ನು ಕೊಟ್ಟುಹೋಗಿ ವಾರ ಕಳೆದಿತ್ತು. ಅರ್ಧ ಗಂಟೆಯ ಲೆಕ್ಕದಲ್ಲಿ ಇದು ಬೇಗವೇ. ಈಗ ಸಾಹೇಬರು ಊರಿಗೆ ಬಂದಿದ್ದರು. ಸಂಜೆ ಎಲ್ಲಿಗೋ ಹೋಗಬೇಕು, ಕೋಟನ್ನು ಮೇಲಕ್ಕೇ ತಂದುಕೊಡಬೇಕು ಎಂದು ಹೇಳಿಕಳಿಸಿದ್ದರು.

"ರೀ, ಇದು ನಮ್ಮ ಪುಣ್ಯ ಅಂದ್ಕೊಳ್ಳಿ" ಎಂದಳು ಹೆಂಡತಿ. "ಅವರ ಮಾತು ಅಂದ್ರೆ ಸಂಘದವರು ಎದ್ದು ನಿಲ್ತಾರಂತೆ. ಕೋಟು ಕೊಟ್ಟು ಒಂದು ಮಾತು ಕೇಳ್ಕೊಳ್ಳಿ. ನಮ್ಮನ್ನ ಇಲ್ಲೇ ಇರೋಕೆ ಬಿಡಿ ಅಂತ ಸಭೇಲಿ ಒಂದು ಮಾತು ಹೇಳಿದ್ರೆ ಸಾಕು ಅನ್ನಿ."

"ಹೂಂ, ಒಂದು ಮಾತು."

"ಮರೀಬೇಡಿ."

"ಮರೆಯೋಕೆ ಅದೇನು ಹತ್ತು ಮಾತಾ?"

ಕೋಟು ಒಯ್ಯುವುದರಲ್ಲಿ ಅರ್ಧ ಗಂಟೆಗೆ ಅವನದೇ ಪದ್ಧತಿ ಇತ್ತು. ಮಡಚಿದರೆ ಗೆರೆ ಬೀಳುತ್ತದೆ. ತೋಳಿನ ಮೇಲೆ ಹಾಕಿಕೊಂಡರೆ ಭುಜ ಜೋಲುತ್ತದೆ. ಆದ್ದರಿಂದ ಕೋಟನ್ನು ತೊಟ್ಟುಕೊಂಡೇ ಹೋಗುತ್ತಿದ್ದ. ಧೂಳು ತಾಗಬಾರದೆಂದು ಒಳಮೈ ಹೊರಗೆ ಮಾಡಿ ತೊಡುತ್ತಿದ್ದ. ಹೊಳೆಯುವ ಲೈನಿಂಗು, ಹೊರಗೆ ಇಣುಕುವ ಜೇಬಿನ ಚೀಲಗಳು, ಒಟ್ಟಾರೆ ಸುಲಿದ ಹಣ್ಣಿನ ಹಾಗೆ ಕಾಣುತ್ತಿದ್ದ. ಆದರೆ ಅವತ್ತು ಹಿಂದಿನ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಮೇಲಿನ ಮಹಡಿ ಮುಟ್ಟಲು ಮೊಣಕಾಲು ಒಪ್ಪಲಿಲ್ಲ. ಮುಂದಿನ ಬಾಗಿಲಿಗೆ ಹೋದರೆ ಏಜೆನ್ಸಿಯಿಂದ ಬಂದ ಹೊಸ ಕಾವಲಿನವನು, "ಸಾಮಾನು ತರೋರು ಹಿಂದಿನ ಗೇಟು" ಎಂದು ಕೈ ಬೀಸಿದ. ಅರ್ಧ ಗಂಟೆ ಮೂಲೆಗೆ ವಾಪಸು ಬಂದು, ಒಂದು ಗಳಿಗೆ ಯೋಚಿಸಿ, ಕೋಟನ್ನು ತಿರುವಿ ಸರಿಯಾದ ಮೈಯಲ್ಲಿ ತೊಟ್ಟು, ಕಾಲರು ಎತ್ತಿ ಕತ್ತು ಮುಚ್ಚಿ ಗುಂಡಿ ಹಾಕಿಕೊಂಡ.

"ಇದ್ಯಾಕೆ?" ಎಂದಳು ಹೆಂಡತಿ.

"ಗೇಟು ದಾಟೋವರೆಗೆ."

ಸಾಹೇಬರದೂ ಅವನದೂ ಒಂದೇ ಮೈಕಟ್ಟು. ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ಹೇಳಹೊರಟವಳು ಸೂಜಿಗೆ ದಾರ ಪೋಣಿಸಲು ತೊಡಗಿದಳು.

ಮುಂದಿನ ಬಾಗಿಲಿನಲ್ಲಿ ಅದೇ ಕಾವಲಿನವನು ಸಲಾಮು ಹೊಡೆದ. ಮುಖವೂ ಅದೇ, ಮೊಣಕಾಲೂ ಅದೇ, ಸವೆದ ಚಪ್ಪಲಿಯೂ ಅದೇ. ಅರ್ಧ ಗಂಟೆ ಹೆದರಿ ತಿರುಗಿ ಸಲಾಮು ಹೊಡೆದ. ಲಿಫ್ಟಿನ ಮುಂದೆ ಸಂಘದ ಕಾರ್ಯದರ್ಶಿಗಳು ನಿಂತಿದ್ದರು. ಅವರ ಕಣ್ಣು ಮೊದಲು ಸಿಂಹದ ಗುಂಡಿಯ ಮೇಲೆ ಬಿತ್ತು, ಆಮೇಲೆ ಮುಖದಲ್ಲಿ ನಗು ಮೂಡಿತು. ನಡುವೆ ಇವನ ಮುಖದ ಮೇಲೆ ನಿಲ್ಲಲು ಕಣ್ಣಿಗೆ ಪುರುಸೊತ್ತಾಗಲಿಲ್ಲ.

"ಸಾರ್, ಬಂದ್ರಾ, ತುಂಬ ಸಂತೋಷ. ನೀವು ಬರ್ತೀರೋ ಇಲ್ವೋ ಅಂತ ಎಲ್ಲರಿಗೂ ಆತಂಕ."

"ಇಲ್ಲ ಸಾರ್, ನಾನು ಕೋಟು..."

"ಕೋಟಿನ ವಿಷಯ ಕೇಳಲೇಬೇಡಿ, ಕಾರಿನಲ್ಲಿ ನೋಡಿದಾಗಲೇ ನಮ್ಮನೆಯವಳಿಗೆ ತೋರಿಸಿದ್ದೆ. ಮೊದಲನೇ ಮಹಡೀಲೇ ಸಭೆ. ಬನ್ನಿ ಬನ್ನಿ."

"ಮೇಲೆ ಹೋಗಬೇಕಿತ್ತು..."

"ಮೇಲೆ ಎಲ್ಲಿ ಓಡಿಹೋಗುತ್ತೆ ಸಾರ್, ನಿಮ್ಮದೇ ಮಹಡಿ."

ಕಾರ್ಯದರ್ಶಿಗಳು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟು ರೂಢಿ. ಅರ್ಧ ಗಂಟೆಯ ಮೊಣಕೈ ಹಿಡಿದು ನಡೆಸಿಕೊಂಡೇ ಹೋದರು. ಜಗ್ಗಿದರೆ ತೋಳಿನ ಹೊಸ ಹೊಲಿಗೆ ಬಿಟ್ಟುಹೋದೀತೆಂದು ಅರ್ಧ ಗಂಟೆ ಜಗ್ಗಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಮೆತ್ತನೆಯ ಕುರ್ಚಿಗಳು. ಎಲ್ಲರೂ ಎದ್ದರು. ಅವನನ್ನು ಮೇಜಿನ ತಲೆಗೆ ಕೂರಿಸಿದರು. ಇಲ್ಲಿಂದ ಮುಂದೆ ಅವನು ಮಾಡಿದ್ದೆಲ್ಲ ಕೋಟಿನ ಕ್ಷೇಮಕ್ಕಾಗಿ. ಆದರೆ ನೋಡಿದವರಿಗೆ ಕಂಡದ್ದೇ ಬೇರೆ.

ಒರಗಿದರೆ ಬೆನ್ನಿನಲ್ಲಿ ನಿರಿಗೆ ಬೀಳುತ್ತದೆಂದು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತ. "ನೋಡಿ, ಏನು ಶಿಸ್ತು" ಎಂದು ಯಾರೋ ಪಿಸುಗುಟ್ಟಿದರು. ಎರಡು ಮೂರು ಜನ ತಾವೂ ಬೆನ್ನು ನೆಟ್ಟಗೆ ಮಾಡಿದರು. ಚಹಾ ಬಂತು. ಒಂದು ಹನಿ ಬಿದ್ದರೂ ಗತಿ ಕೆಟ್ಟಿತೆಂದು ಬೇಡವೆಂದ. ಬಿಸ್ಕತ್ತಿನ ಪುಡಿ ಉದುರುತ್ತದೆಂದು ಅದನ್ನೂ ಬೇಡವೆಂದ. "ಸಂಜೆ ಮೇಲೆ ಏನೂ ಮುಟ್ಟಲ್ಲ ಅಂತ ಕಾಣುತ್ತೆ, ಅದಕ್ಕೇ ಆ ಮೈಕಟ್ಟು" ಎಂದು ಕಣ್ಣಿನ ಡಾಕ್ಟರ ಹೆಂಡತಿ ತಮ್ಮ ತಟ್ಟೆಯನ್ನು ಗಂಡನ ಕಡೆ ತಳ್ಳಿದರು. ಡಾಕ್ಟರು ಅದನ್ನು ಕಾರ್ಯದರ್ಶಿಗಳ ಕಡೆ ತಳ್ಳಿದರು. ಹೀಗೆ ತಟ್ಟೆ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಡಾಕ್ಟರ ಹೆಂಡತಿಯ ಮುಂದೆಯೇ ಬಂದು ನಿಂತಿತು. ಚಪ್ಪಲಿ ಕಂಡವರು, "ನಿಜವಾದ ದೊಡ್ಡವರು ಹೀಗೇ, ಕಾಲಿಗೆ ಏನಿದ್ರೂ ನಡೆಯುತ್ತೆ" ಎಂದರು.

ಡಾಕ್ಟರ ಹೆಂಡತಿಯ ಜೊತೆ ಅವರ ನಾಯಿಯೂ ಬಂದಿತ್ತು. ಸ್ನಾನದ ಕೋಣೆ ಬೇಕಾಗಿದ್ದುದು ಮುಖ್ಯವಾಗಿ ಅದಕ್ಕೇ. ದಿಂಬಿನಷ್ಟು ಕೂದಲು, ಯಾರು ಕರೆದರೂ ಹೋಗದ ಬಿಂಕ. ಅದು ಎದ್ದು, ಮೇಜಿನ ಕೆಳಗೆ ನುಸುಳಿ, ನೇರ ಅರ್ಧ ಗಂಟೆಯ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು. ದಿನಾ ಮಧ್ಯಾಹ್ನ ಕೆಲಸದವಳ ಕೈ ತಪ್ಪಿಸಿಕೊಂಡು ಅದು ಮಲಗುತ್ತಿದ್ದುದು ಹೊಲಿಗೆ ಯಂತ್ರದ ಕೆಳಗಿನ ಚಿಂದಿಯ ರಾಶಿಯಲ್ಲಿ.

"ಅಬ್ಬಾ, ಯಾರ ಹತ್ರಾನೂ ಹೋಗದ್ದು" ಎಂದರು ಡಾಕ್ಟರ ಹೆಂಡತಿ. "ಮನುಷ್ಯರ ಯೋಗ್ಯತೆ ಅದಕ್ಕೆ ಗೊತ್ತಾಗುತ್ತೆ."

ಅಷ್ಟೂ ಜನರಲ್ಲಿ ಅವನನ್ನು ಗುರುತಿಸಿದ್ದು ಅದೊಂದೇ. ಅದಕ್ಕೆ ಮಾತು ಬರುತ್ತಿರಲಿಲ್ಲ. ಅರ್ಧ ಗಂಟೆಗೆ ಬರುತ್ತಿತ್ತು, ಆದರೆ ಹೊರಡಲಿಲ್ಲ.

ಕಾರ್ಯದರ್ಶಿಗಳು ಕೆಮ್ಮಿ ವಿಷಯಕ್ಕೆ ಬಂದರು. "ಮೆಟ್ಟಿಲ ಕೆಳಗಿನ ಆ ಟೈಲರ್ ವಿಷಯ."

"ಅವನಿಂದ ಯಾರಿಗೆ ಏನು ತೊಂದರೆ ಅಂತ?" ಎಂದರು ಮೇಜಿನ ಇನ್ನೊಂದು ತುದಿಯಲ್ಲಿದ್ದ ಮುದುಕಿ. ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ಎಲ್ಲರೂ ಹೆಡ್‌ಮಿಸ್ ಎನ್ನುತ್ತಿದ್ದರು. "ನನ್ನ ರವಿಕೆ ಎಲ್ಲ ಅವನ ಹತ್ರಾನೇ."

"ತೊಂದರೆ ಅಂತಲ್ಲ ಮೇಡಂ. ನೋಡೋಕೆ ಚೆನ್ನಾಗಿರಲ್ಲ."

"ಯಾರು, ಅವನಾ? ನೀವು ಅವನನ್ನ ನೋಡಿದ್ದೀರಾ?"

"ನೋಡದೆ ಏನು. ಕುಳ್ಳಗೆ, ದಪ್ಪ ಮೀಸೆ."

"ಮೀಸೆ ಎಲ್ಲಿದೆ? ಉದ್ದಕ್ಕೆ ಸಣ್ಣಗಿದ್ದಾನೆ" ಎಂದರು ಡಾಕ್ಟರು.

"ಕಿವಿ ಕೇಳಿಸಲ್ಲ ಪಾಪ" ಎಂದರು ಅವರ ಹೆಂಡತಿ. "ಏನು ಕೇಳಿದ್ರೂ ತಲೆ ಎತ್ತಲ್ಲ."

"ನೀವು ಹೇಳ್ತಿರೋದು ಮೊದಲಿದ್ದವನು" ಎಂದರು ಮತ್ತೊಬ್ಬರು. "ಅವನು ತೀರಿಹೋದ. ಈಗ ಕೂತಿರೋದು ಅವನ ತಮ್ಮ."

ಅರ್ಧ ಗಂಟೆಗೆ ಒಡಹುಟ್ಟಿದವರೇ ಇರಲಿಲ್ಲ. ತಾನು ತೀರಿಹೋದ ಸುದ್ದಿಯನ್ನು ನೆಟ್ಟಗೆ ಕೂತು ಕೇಳಿದ. ಇವರ ಪ್ಯಾಂಟುಗಳೆಲ್ಲ ಅವನ ಕೈಯಲ್ಲಿ ಹಾದುಹೋಗಿದ್ದವು. ಇವರ ಬೆಳವಣಿಗೆಯನ್ನು ಅವನು ಹೊಲಿಗೆ ಬಿಚ್ಚಿ ಬಿಚ್ಚಿ ನೋಡಿದ್ದ. ಅವರಿಗೆ ತಾನೊಂದು ಮೀಸೆಯೂ ಗಟ್ಟಿಯಿಲ್ಲದ ಮನುಷ್ಯ. ಸಿಟ್ಟೇನೂ ಬರಲಿಲ್ಲ. ಇದನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಮಾತ್ರ ಯೋಚನೆಯಾಯಿತು. ಆಗ ನೆನಪಾಯಿತು ಒಂದು ಮಾತು. ಮೇಲಿನ ಮಹಡಿಯವರು ಸಭೆಯಲ್ಲಿ ಹೇಳಬೇಕಾಗಿದ್ದ ಆ ಒಂದು ಮಾತು. ಈಗ ಮೇಲಿನ ಮಹಡಿಯವರ ಜಾಗದಲ್ಲಿ ಕೂತಿರುವವನು ತಾನೇ. ಬಿಡಿ, ಪಾಪ, ಇರಲಿ ಎಂದರೆ ಮುಗಿಯಿತು. ಅವನು ಗಂಟಲು ಸರಿಮಾಡಿಕೊಂಡ.

ಎಲ್ಲರ ಮುಖವೂ ಇವನ ಕಡೆ ತಿರುಗಿತು. ಇಷ್ಟು ಮುಖಗಳನ್ನು ಅವನು ಒಟ್ಟಿಗೆ ನೋಡಿಯೇ ಇರಲಿಲ್ಲ. ನೋಟ ತಾನಾಗಿಯೇ ಅವರ ಸೊಂಟದ ಮಟ್ಟಕ್ಕೆ ಇಳಿಯಿತು. ಅಲ್ಲಿ ಬರೀ ಮೇಜಿತ್ತು.

"ಸಾರ್ ಮನಸ್ಸು ನನಗೆ ಅರ್ಥ ಆಯ್ತು" ಎಂದು ಕಾರ್ಯದರ್ಶಿಗಳು ನಡುವೆ ಬಂದರು. "ಜಾಗ ಖಾಲಿ ಮಾಡಿಸೋದರಲ್ಲಿ ಎರಡು ಮಾತಿಲ್ಲ. ಸ್ವಲ್ಪ ಸಮಯ ಕೊಡೋಣ ಅಂತ ತಾನೆ? ನೀವೇ ಹೇಳಿ ಸಾರ್. ಎಷ್ಟು ಹೊತ್ತು ಬೇಕು ಆ ಟೈಲರ್‌ಗೆ?"

ಈ ಪ್ರಶ್ನೆಗೆ ಅರ್ಧ ಗಂಟೆ ಜೀವನದಲ್ಲಿ ಎಂದೂ ಯೋಚಿಸಿ ಉತ್ತರ ಕೊಟ್ಟವನಲ್ಲ. ಅವನು ಬಾಯಿ ಮುಚ್ಚಿಕೊಳ್ಳುವ ಮೊದಲೇ ಅದು ಕೆಲಸ ಮುಗಿಸಿತ್ತು.

"ಅರ್ಧ ಗಂಟೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದೇಬಿಟ್ಟರು. "ಕೇಳಿದ್ರಾ? ನಾವು ಎರಡು ತಿಂಗಳು ಅಂತಿದ್ವಿ, ಮೂರು ತಿಂಗಳು ಅಂತಿದ್ವಿ. ಸುಮ್ನೆ ಮೇಲಿನ ಮಹಡಿಗೆ ಹೋಗ್ತಾರಾ ಜನ? ನಿರ್ಧಾರ ಅಂದ್ರೆ ಇದು. ಒಪ್ಪಿಗೆ ಇರೋರು ಕೈ ಎತ್ತಿ."

ಕೈಗಳು ಎದ್ದವು. ಬೇಡ ಬೇಡ ಎಂದು ಆಡಿಸಲು ಅವನು ಎತ್ತಿದ ಕೈಯೂ ಲೆಕ್ಕಕ್ಕೆ ಸೇರಿತು. ಎತ್ತದವರು ಹೆಡ್‌ಮಿಸ್ ಒಬ್ಬರೇ. "ಅರ್ಧ ಗಂಟೇಲಿ ಒಬ್ಬ ಮನುಷ್ಯ ಗಂಟುಮೂಟೆ ಕಟ್ಕೊಂಡು ಎದ್ದು ಹೋಗಬೇಕು ಅಂತೀರಾ?" ಎಂದು ಮೇಜಿನ ತಲೆಯಲ್ಲಿದ್ದವನನ್ನು ದಿಟ್ಟಿಸಿದರು. "ಹೇಳೋದಾದ್ರೆ ಅವನ ಮುಖ ನೋಡಿ ಹೇಳಿ. ಬನ್ನಿ, ಎಲ್ಲರೂ ಹೋಗೋಣ."

ಹೀಗೆ ಮೆರವಣಿಗೆ ಹೊರಟಿತು. ಹಿಂದಿನ ಲಿಫ್ಟು ಕೆಟ್ಟಿದ್ದರಿಂದ ಹಿಂದಿನ ಮೆಟ್ಟಿಲೇ ಗತಿ. ಎಲ್ಲರಿಗಿಂತ ಮುಂದೆ ಮೇಲಿನ ಮಹಡಿಯವರು ಇರಬೇಕೆಂದು ಎಲ್ಲರ ಒತ್ತಾಯ. ಅರ್ಧ ಗಂಟೆ ತನ್ನನ್ನು ತಾನೇ ಎಬ್ಬಿಸಲು ಒಂದೊಂದೇ ಮೆಟ್ಟಿಲು ಇಳಿದ. ನಾಯಿ ಅವನ ಕಾಲಿಗೆ ಅಂಟಿಕೊಂಡೇ ಬಂತು.

ಕೆಳಗೆ ಹೆಂಡತಿ ರವಿಕೆಯೊಂದಕ್ಕೆ ಹುಕ್ಕು ಹಚ್ಚುತ್ತಿದ್ದಳು. ಸದ್ದು ಕೇಳಿ ನೋಡಿದಳು. ಗಂಡ ಕೋಟು ತೊಟ್ಟು ಇಳಿಯುತ್ತಿದ್ದಾನೆ, ಹಿಂದೆ ಇಡೀ ಕಟ್ಟಡ. ಅವಳು ಹಲ್ಲಿನಲ್ಲಿ ಕಚ್ಚಿದ್ದ ದಾರ ಹಾಗೇ ಉಳಿಯಿತು.

"ಎಲ್ಲಮ್ಮ ನಿಮ್ಮ ಯಜಮಾನ್ರು?" ಎಂದರು ಕಾರ್ಯದರ್ಶಿಗಳು.

ಅವಳು ಗಂಡನನ್ನು ನೋಡಿದಳು. ಗಂಡ ಕಣ್ಣಿನಲ್ಲೇ ಏನೋ ಬೇಡಿಕೊಂಡ. ಏನೆಂದು ಅವನಿಗೂ ಗೊತ್ತಿರಲಿಲ್ಲ.

"ಕೋಟು ಕೊಡೋಕೆ ಹೋಗಿದ್ದಾರೆ" ಎಂದಳು.

"ಯಾವಾಗ ಬರ್ತಾರೆ?"

"ಕೇಳಿದ್ರೆ ಅರ್ಧ ಗಂಟೆ ಅಂತಾರೆ."

"ಸರಿಹೋಯ್ತು. ಅವರು ಬಂದ್ರೂ ಬರದಿದ್ರೂ, ಅರ್ಧ ಗಂಟೇಲಿ ಈ ಜಾಗ ಖಾಲಿ ಆಗಬೇಕು. ಸಭೇಲಿ ತೀರ್ಮಾನ ಆಗಿದೆ."

"ಯಾರು ಹೇಳಿದ್ದು ಅರ್ಧ ಗಂಟೆ ಅಂತ?"

"ಇವರೇ. ಸಾರೇ ಸ್ವತಃ."

ಅವಳು ದಾರ ಕಚ್ಚಿ ತುಂಡು ಮಾಡಿದಳು. ಗಂಡನನ್ನೇ ನೋಡುತ್ತ, ನಿಧಾನವಾಗಿ, "ಇವರು ಹೇಳಿದ್ರಾ" ಎಂದಳು. "ಒಂದು ಮಾತು ಹೇಳೋಕೆ ಅಂತ ಹೋದೋರು, ಈ ಮಾತು ಹೇಳಿದ್ರಾ."

ಅರ್ಧ ಗಂಟೆ ಕೆಳಗೆ ನೋಡಿದ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಇನ್ನೊಬ್ಬರು ಇಳಿದು ಬಂದರು. ಬಿಳಿ ಶರ್ಟು, ಅದಕ್ಕೊಂದು ಟೈ, ಮೈಮೇಲೆ ಕೋಟಿಲ್ಲ. ಏದುಸಿರು ಬಿಡುತ್ತಿದ್ದರು.

"ಸಾಮಾನು ತರೋರು ಆ ಕಡೆ ಗೇಟು" ಎಂದರು ಕಾರ್ಯದರ್ಶಿಗಳು, ತಿರುಗಿಯೂ ನೋಡದೆ.

"ನಾನು ಮೇಲಿನ ಮಹಡಿಯವನು" ಎಂದರು ಬಂದವರು. "ನನ್ನ ಕೋಟು ಹುಡುಕ್ತಾ ಇದ್ದೀನಿ." ಆಮೇಲೆ ಕೋಟು ಕಂಡಿತು. "ಇದೇ."

ಅರ್ಧ ಗಂಟೆ ಸಿಂಹದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಕೋಟಿನ ಒಳಗಿಂದ ಬಣ್ಣಬಣ್ಣದ ನೂಲಿನ ಎಳೆಗಳು ಹತ್ತಿದ ಮಾಸಿದ ಬನಿಯನ್ನು, ಕತ್ತಿನ ಸುತ್ತ ಅಳತೆಯ ಟೇಪು ಹೊರಬಂದವು. ಕೋಟನ್ನು ಸಾಹೇಬರಿಗೆ ತೊಡಿಸಿದ. ತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಲು ತಲೆ ಬಗ್ಗಿಸಿದ.

ನೆತ್ತಿ ಕಂಡಿತು. ನಟ್ಟನಡುವೆ ಮಚ್ಚೆ.

"ಅಯ್ಯೋ, ಟೈಲರು" ಎಂದರು ಡಾಕ್ಟರು.

"ತಮ್ಮ ಅಲ್ಲ, ಅವನೇ" ಎಂದರು ಅವರ ಹೆಂಡತಿ.

ಕಾರ್ಯದರ್ಶಿಗಳು ಕೆಂಪಾದರು. "ಮೋಸ. ವೇಷ ಹಾಕ್ಕೊಂಡು ಸಭೇಲಿ ಕೂರೋದು ಅಂದ್ರೆ ಏನು?"

"ಕೂರಿಸಿದ್ದು ನೀವು" ಎಂದರು ಹೆಡ್‌ಮಿಸ್. "ಅವನು ಬಾಯಿ ತೆರೆದಾಗಲೆಲ್ಲ ಮಾತಾಡಿದ್ದೂ ನೀವೇ." ಆಮೇಲೆ ಅರ್ಧ ಗಂಟೆಯ ಕಡೆ ತಿರುಗಿದರು. "ನೀನೇನಪ್ಪಾ? ನಿನ್ನ ಜಾಗಾನ ನೀನೇ ಅರ್ಧ ಗಂಟೇಲಿ ಖಾಲಿ ಮಾಡು ಅಂದೆಯಲ್ಲ?"

"ಎಷ್ಟು ಹೊತ್ತು ಅಂತ ಕೇಳಿದ್ರು ಮೇಡಂ" ಎಂದ ಅರ್ಧ ಗಂಟೆ. "ಬಾಯಿಗೆ ಬೇರೆ ಬರಲ್ಲ."

ಹೆಂಡತಿಗೆ ತಡೆಯಲಾಗಲಿಲ್ಲ. "ಮದುವೆ ದಿನಾನೂ ಇದೇ ಅಂದಿದ್ರು. ಅರ್ಧ ಗಂಟೇಲಿ ಬರ್ತೀವಿ ಅಂತ ಹೇಳಿಕಳಿಸಿ, ಊಟ ಎಲ್ಲ ಆರಿದ ಮೇಲೆ ಬಂದ್ರು." ರವಿಕೆಯನ್ನು ಮಡಿಸಿ, ಅದರ ಮೇಲೆ ಕತ್ತರಿ ಇಟ್ಟು, ಮಣೆಯನ್ನು ಗೋಡೆಗೆ ಒರಗಿಸಿದಳು. ಗಂಟು ಕಟ್ಟುವ ಮೊದಲ ಹೆಜ್ಜೆ ಅದು. ನಾಯಿ ಯಂತ್ರದ ಕೆಳಗೆ ಹೋಗಿ, ಚಿಂದಿಯಲ್ಲಿ ಮೂರು ಸುತ್ತು ತಿರುಗಿ, ಮಲಗಿತು.

"ಅದು ಅಲ್ಲಿ ಮಲಗೋದಾ?" ಎಂದರು ಡಾಕ್ಟರ ಹೆಂಡತಿ ಮೆಲ್ಲಗೆ.

"ದಿನಾ" ಎಂದಳು ಹೆಂಡತಿ.

ಸಾಹೇಬರು ತೋಳು ಚಾಚಿ ನೋಡಿಕೊಂಡರು, ಮಡಚಿ ನೋಡಿಕೊಂಡರು. "ಸೊಗಸಾಗಿ ಕೂತಿದೆ" ಎಂದರು. "ಈ ಅರ್ಧ ಗಂಟೆ ಅನ್ನೋದು ಏನು? ನನ್ನ ಕೋಟಿಗೂ ಅಷ್ಟೇ ಹೇಳಿದ್ರಂತೆ. ಹೋದ ವಾರ."

ಹೆಡ್‌ಮಿಸ್ ಅವರ ಮುಖದಲ್ಲಿ ಮೊದಲ ಸಲ ನಗುವಿನ ಒಂದು ಗೆರೆ ಕಾಣಿಸಿತು. ತರಗತಿಯಲ್ಲಿ ಗಲಾಟೆ ನಿಲ್ಲಿಸುವವರ ಹಾಗೆ ಕೈ ಎತ್ತಿದರು.

"ಎಲ್ಲರೂ ಕೇಳಿ. ಸಭೆ ಆಗಿದೆ, ನೀವೆಲ್ಲ ಕೈ ಎತ್ತಿದ್ದೀರಿ, ನಿರ್ಣಯ ನಿರ್ಣಯಾನೇ. ಈ ಟೈಲರ್ ಅರ್ಧ ಗಂಟೇಲಿ ಜಾಗ ಬಿಡಬೇಕು. ಅಲ್ವಾ ಕಾರ್ಯದರ್ಶಿಗಳೇ?"

"ಹೌದು" ಎಂದರು ಕಾರ್ಯದರ್ಶಿಗಳು, ಸ್ವಲ್ಪ ಅನುಮಾನದಿಂದಲೇ.

"ಅರ್ಧ ಗಂಟೆ ಅಂತ ಹೇಳಿದ್ದು ಯಾರು? ಇವನು. ಅಂದ ಮೇಲೆ ಲೆಕ್ಕಾನೂ ಇವನದ್ದೇ. ನಿಮ್ಮ ಪ್ಯಾಂಟಿಗೆ ಇವನು ಕೊಟ್ಟ ಅರ್ಧ ಗಂಟೆ ಮುಗಿಯಿತಾ?"

ಕಾರ್ಯದರ್ಶಿಗಳು ಯಂತ್ರದ ಹಿಂದಿನ ಮೊಳೆಯ ಕಡೆ ನೋಡಿದರು. ಅವರ ಬೂದು ಬಣ್ಣದ ಪ್ಯಾಂಟು ಅಲ್ಲೇ ತೂಗುತ್ತಿತ್ತು. ಅದು ಬಂದಾಗ ಚಳಿಗಾಲ, ಈಗ ಬೇಸಿಗೆ.

"ಇನ್ನೂ ಇಲ್ಲ" ಎಂದರು.

"ಇದೂ ಇನ್ನೂ ಇಲ್ಲ" ಎಂದರು ಹೆಡ್‌ಮಿಸ್.

"ಮೇಲಿನ ಮಹಡಿಯ ಒಪ್ಪಿಗೆ ಇದೆ" ಎಂದು ಸಾಹೇಬರು ಅವಸರದಲ್ಲಿ ಹೊರಟರು. ಡಾಕ್ಟರ ಹೆಂಡತಿ ಮಲಗಿದ ನಾಯಿಯನ್ನೊಮ್ಮೆ ನೋಡಿ, ಎಬ್ಬಿಸದೆ ಮೆಟ್ಟಿಲು ಹತ್ತಿದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು.

ಹೆಂಡತಿ ಮಣೆಯನ್ನು ಮತ್ತೆ ಕೆಳಗೆ ಹಾಕಿದಳು. ರವಿಕೆಯ ಉಳಿದ ಹುಕ್ಕುಗಳನ್ನು ಒಂದೊಂದಾಗಿ ಹಚ್ಚಿದಳು. ಕೊನೆಗೆ, "ಆ ಕೋಟಲ್ಲಿ ಚೆನ್ನಾಗೇ ಕಾಣ್ತಿದ್ರಿ" ಎಂದಳು, ಸೂಜಿಯನ್ನೇ ನೋಡುತ್ತ.

ಈಗಲೂ ಅವನು ಕೋಟುಗಳನ್ನು ಒಳಮೈ ಹೊರಗೆ ಮಾಡಿಯೇ ತೊಟ್ಟು ಒಯ್ಯುತ್ತಾನೆ. ಮುಂದಿನ ಬಾಗಿಲಿನ ಕಾವಲಿನವನು ಈಗಲೂ ಕೈ ಬೀಸಿ ಹಿಂದಿನ ಗೇಟು ತೋರಿಸುತ್ತಾನೆ. ಕಾರ್ಯದರ್ಶಿಗಳಿಗೆ ಯಾರೋ ಡಾಕ್ಟರು ಬೆಳಗಿನ ನಡಿಗೆ ಹೇಳಿದ್ದಾರೆ. ಮೆಟ್ಟಿಲ ಬಳಿ ಹಾಯುವಾಗ ಅವರು ಕೇಳದೆ ಹೋಗುವುದಿಲ್ಲ.

"ಏನಪ್ಪಾ, ಅರ್ಧ ಗಂಟೆ ಆಯ್ತಾ?"

ಕೇಳುತ್ತಿರುವುದು ಪ್ಯಾಂಟಿನ ವಿಷಯವೋ ಜಾಗದ ವಿಷಯವೋ ಅವರಿಗೇ ಮರೆತುಹೋದಂತಿದೆ. ಉತ್ತರವಂತೂ ಹಳೆಯದೇ. ಒಂದೇ ವ್ಯತ್ಯಾಸವೆಂದರೆ, ಈಗ ಅರ್ಧ ಗಂಟೆ ಯಂತ್ರ ನಿಲ್ಲಿಸಿ, ತಲೆ ಎತ್ತಿ, ಅವರ ಮುಖ ನೋಡಿ, "ಆಗ್ತಾ ಬಂತು ಸಾರ್" ಎನ್ನುತ್ತಾನೆ. ಕಾರ್ಯದರ್ಶಿಗಳು ಮಾತ್ರ ಎಲ್ಲಿ ನೋಡಬೇಕೆಂದು ತಿಳಿಯದೆ, ತಮ್ಮ ಬೆಲ್ಟನ್ನು ಸರಿಮಾಡಿಕೊಂಡು ಮುಂದೆ ನಡೆಯುತ್ತಾರೆ.